ಸುರಂಗದ ಬಾಯಿಯಿಂದ ಒಂದು ಲಿನೋ ಅಚ್ಚು: ಬಿಡಿಸುವುದು, ಕೆತ್ತುವುದು, ಕಲಿಸುವುದು

ಕಾಸರಗೋಡಿನ ಗುಡ್ಡದ ಮಗ್ಗುಲಲ್ಲಿ ಮನೆಯಿರುವವರಿಗೆ ಸುರಂಗ ಎಂದರೆ ಏನೆಂದು ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಎರಡು ಮಾತು: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲಕ್ಕೆ, ಪಿಕ್ಕಾಸಿನಲ್ಲಿ ಕೊರೆದ ನೀರಿನ ದಾರಿ ಅದು. ಒಳಗೆ ಒಸರಿದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಹೊರಗಿನ ಕೆರೆಗೋ ಟ್ಯಾಂಕಿಗೋ ಬಂದು ಸೇರುತ್ತದೆ. ಅದರೊಳಗೆ ನಾಲ್ಕು ಹೆಜ್ಜೆ ಹೋಗಿ, ತಿರುಗಿ ನಿಂತು ನೋಡಿ. ಸುತ್ತ ಕತ್ತಲು, ಎದುರಿಗೆ ಬೆಳಕಿನ ಒಂದು ಬಾಯಿ, ಅದರಾಚೆ ಅಡಿಕೆ ಮರಗಳ ಸಾಲು. ಲಿನೋ ಅಚ್ಚು ಎಂದರೆ ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ಚಿತ್ರ ತೆಗೆಯುವುದು. ಅದನ್ನು ಕಲಿಯಲು ಬಂದವರಿಗೆ, ಅವರು ಹತ್ತು ವರ್ಷದ ಮಕ್ಕಳಿರಲಿ ನಿವೃತ್ತರಾದ ಹಿರಿಯರಿರಲಿ, ನಾನು ಮೊದಲು ಕೊಡುವ ಚಿತ್ರ ಇದು.

ಕಾರಣ ಉಂಟು. ಕಾಗದದ ಮೇಲೆ ಪೆನ್ಸಿಲ್ ಹಿಡಿದಾಗ ನಾವು ಬಿಳಿಗೆ ಕಪ್ಪು ಸೇರಿಸುತ್ತ ಹೋಗುತ್ತೇವೆ. ಲಿನೋದಲ್ಲಿ ಹಾಗಲ್ಲ. ಕೆತ್ತಿ ತೆಗೆದದ್ದು ಬಿಳಿ, ಬಿಟ್ಟದ್ದು ಕಪ್ಪು. ಏನೂ ಕೆತ್ತದ ಲಿನೋ ತುಂಡಿಗೆ ಮಸಿ ಹಚ್ಚಿ ಒತ್ತಿದರೆ ಸಿಗುವುದು ಪೂರ್ತಿ ಕತ್ತಲು. ನಾವು ಮಾಡುವುದು ಆ ಕತ್ತಲೊಳಗೆ ಬೆಳಕಿಗೆ ದಾರಿ ಬಿಡುವ ಕೆಲಸ. ಸುರಂಗದೊಳಗೆ ನಿಂತವನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ, ಕಣ್ಣೆದುರೇ ಇರುತ್ತದೆ.

ಮೊದಲು ನೋಡಿ, ಆಮೇಲೆ ಸ್ಲೇಟು ಹಿಡಿಯಿರಿ

ಫೆಬ್ರವರಿಯಿಂದ ಮೇ ತಿಂಗಳೊಳಗೆ ಹೋಗಿ. ಮಳೆಗಾಲದಲ್ಲಿ ಬೇಡ, ಮಣ್ಣು ಯಾವಾಗ ಜಾರುತ್ತದೆಂದು ಹೇಳಲು ಬರುವುದಿಲ್ಲ. ಆ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹೊರಗಿನ ಬೆಳಕು ಮುಟ್ಟುವಲ್ಲಿಂದ ಒಂದು ಹೆಜ್ಜೆಯೂ ಮುಂದೆ ಹೋಗಬಾರದು, ಒಳಗೆ ಗಾಳಿ ಕಡಿಮೆ. ಸುರಂಗ ಹತ್ತಿರ ಇಲ್ಲದವರು ಹಳೆಯ ಕೊಟ್ಟಿಗೆಯ ಒಳಗೆ ಬಾಗಿಲಿಗೆ ಮುಖ ಮಾಡಿ ಕುಳಿತರೂ ಆಗುತ್ತದೆ.

ಹತ್ತು ನಿಮಿಷ ಏನೂ ಬಿಡಿಸಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಬೇಕು. ಮೊದಲು ಬರೀ ಕಪ್ಪಾಗಿ ಕಂಡ ಗೋಡೆಯಲ್ಲಿ ನಿಧಾನವಾಗಿ ಪಿಕ್ಕಾಸಿನ ಏಟುಗಳು ಕಾಣತೊಡಗುತ್ತವೆ. ಒಂದರ ಪಕ್ಕ ಒಂದು, ಒಂದೇ ವಾಲಿಕೆಯಲ್ಲಿ, ಬೆರಳಲ್ಲಿ ಬೆಣ್ಣೆ ತೋಡಿದ ಹಾಗೆ. ಬಾಯಿಯ ಕಡೆಯಿಂದ ಬರುವ ಬೆಳಕು ಪ್ರತಿ ಏಟಿನ ಒಂದು ಅಂಚನ್ನು ಮಾತ್ರ ಮುಟ್ಟಿರುತ್ತದೆ. ಆ ಅಂಚನ್ನು ಮರೆಯಬೇಡಿ. ನಾಳೆ ನಿಮ್ಮ ಉಳಿ ಲಿನೋದಲ್ಲಿ ಮಾಡಲಿರುವ ಗುರುತು ಅದೇ ಆಕಾರದ್ದು. ಗುಡ್ಡ ಕೊರೆದವರು ಗೋಡೆಯ ಮೇಲೆ ಬಿಟ್ಟುಹೋದ ಕೈಬರಹವನ್ನು ನಾವು ಸಣ್ಣ ಅಳತೆಯಲ್ಲಿ ಮತ್ತೆ ಬರೆಯುತ್ತಿದ್ದೇವೆ ಎಂದೇ ನಾನು ನಂಬಿದ್ದೇನೆ.

ಬಿಡಿಸಲು ಪೆನ್ಸಿಲ್ ಬೇಡ. ಹಳೆಯ ಸ್ಲೇಟು, ಕಡ್ಡಿ ಸಾಕು. ಕಪ್ಪು ನೆಲದ ಮೇಲೆ ಬಿಳಿ ಗೆರೆ ಎಳೆಯುವುದಕ್ಕೆ ಇಷ್ಟು ಅಗ್ಗದ, ಇಷ್ಟು ಸರಿಯಾದ ಸಾಧನ ಬೇರೆ ಇಲ್ಲ. ಕಡ್ಡಿ ಹೋದಲ್ಲೆಲ್ಲ ಬೆಳಕು, ಹೋಗದ ಕಡೆ ಕತ್ತಲು. ಒರಸಿ ಒರಸಿ ಹತ್ತು ಸಲ ಬಿಡಿಸಿ. ಆಮೇಲೆ ಬಿಳಿ ಕಾಗದದಲ್ಲಿ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಮೂರು ಚೌಕ ಹಾಕಿ, ಕಪ್ಪು ಮಾರ್ಕರಿನಿಂದ ಅದೇ ನೋಟವನ್ನು ತುಂಬಿ. ಬೂದು ಛಾಯೆಗೆ ಅವಕಾಶವಿಲ್ಲ. ನಡುವಿನ ಛಾಯೆ ಬೇಕೆನಿಸಿದರೆ ಗೆರೆಗಳನ್ನು ಹತ್ತಿರ ಹತ್ತಿರ ಇಟ್ಟು ತರಬೇಕು. ಮೂರರಲ್ಲಿ ಯಾವುದು ಹತ್ತು ಅಡಿ ದೂರದಿಂದಲೂ ಸುರಂಗದ ಹಾಗೇ ಕಾಣುತ್ತದೋ ಅದನ್ನು ಆರಿಸಿ.

ಎಷ್ಟು ಕಡಿಮೆ ಗೆರೆ ಸಾಕು ಎಂಬುದಕ್ಕೆ ಒಂದು ಉದಾಹರಣೆ ಎಲ್ಲರಿಗೂ ತೋರಿಸುತ್ತೇನೆ. 1930ರ ದಂಡಿ ಯಾತ್ರೆಯ ಹೊತ್ತಿನಲ್ಲಿ ಶಾಂತಿನಿಕೇತನದ ಕಲಾವಿದ ನಂದಲಾಲ್ ಬೋಸ್ ಲಿನೋದಲ್ಲಿ ಮಾಡಿದ ಗಾಂಧೀಜಿ. ಕಪ್ಪು ನೆಲ, ಬಿಳಿ ಗೆರೆ, ಕೈಯಲ್ಲಿ ಕೋಲು, ಮುಂದಿಟ್ಟ ಹೆಜ್ಜೆ. ಹಿನ್ನೆಲೆಯಲ್ಲಿ ಗುಂಪಿಲ್ಲ, ಸಮುದ್ರವಿಲ್ಲ. ಗೆರೆಗಳನ್ನು ಎಣಿಸಬಹುದು ಎನ್ನುವಷ್ಟು ಮಿತ. ಆದರೂ ನಡಿಗೆ ನಿಲ್ಲುವುದಿಲ್ಲ. ಗೆರೆಯ ಓಟ ಕಲಿಯಬೇಕೆನ್ನುವವರು ನಮ್ಮ ಉಡುಪಿ ಕಡೆಯ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ಕುಣಿಯುವ ದೇಹವನ್ನು ಅವರು ಎಷ್ಟು ಸಲ ಕೈ ಎತ್ತದೆ ಬಿಡಿಸಿದ್ದಾರೆಂದು ಗಮನಿಸಿ.

ಸಾಮಾನು

ಲಿನೋಲಿಯಂ ಎಂದರೆ ಅಗಸೆ ಎಣ್ಣೆಯನ್ನು ಗಟ್ಟಿಮಾಡಿ, ಕಾರ್ಕಿನ ಪುಡಿ ಸೇರಿಸಿ, ಗೋಣಿಯಂಥ ಬಟ್ಟೆಯ ಮೇಲೆ ಹಾಸಿದ ಹಾಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ನೆಲಕ್ಕೆ ಹಾಸಲೆಂದು ಹುಟ್ಟಿದ್ದು. ಈಗ ಪೇಟೆಯ ಅಂಗಡಿಗಳಲ್ಲಿ ಅದೇ ಹೆಸರಿನಲ್ಲಿ ಕೊಡುವುದು ಹೆಚ್ಚಾಗಿ ಪ್ಲಾಸ್ಟಿಕ್ಕಿನ ಹಾಸು, ಅದರಲ್ಲಿ ಉಳಿ ಸರಿಯಾಗಿ ಓಡುವುದಿಲ್ಲ. ಹಿಂಬದಿ ನೋಡಿ, ಬಟ್ಟೆ ಇರಬೇಕು. ಮೂಸಿ ನೋಡಿ, ಎಣ್ಣೆಯ ವಾಸನೆ ಬರಬೇಕು. ಮೂರು ಮಿಲಿಮೀಟರಿನಷ್ಟು ದಪ್ಪದ್ದು ಕಲಾ ಸಾಮಗ್ರಿಯ ಅಂಗಡಿಯಲ್ಲಿ ಸಿಗುತ್ತದೆ. ಮೊದಲ ಅಚ್ಚಿಗೆ 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ ಸಾಕು.

ಎರಡು ಉಳಿ ಬೇಕು: ಬಾಯಿ ವಿ ಆಕಾರದ್ದು ಒಂದು, ಯು ಆಕಾರದ್ದು ಒಂದು. ಹತ್ತು ಉಳಿಗಳ ಪೆಟ್ಟಿಗೆ ಕೊಂಡವರೂ ಕೊನೆಗೆ ಈ ಎರಡನ್ನೇ ಬಳಸುವುದನ್ನು ಕಂಡಿದ್ದೇನೆ. ರಬ್ಬರಿನ ಸಣ್ಣ ರೋಲರ್, ಮಸಿ ಹರಡಲು ಗಾಜಿನ ತುಂಡು (ಅಂಚುಗಳಿಗೆ ಟೇಪ್ ಸುತ್ತಿ), ಒತ್ತಲು ಸ್ಟೀಲಿನ ದೊಡ್ಡ ಚಮಚ. ಮಸಿಗೆ ದೂರ ಹೋಗಬೇಡಿ, ನಿಮ್ಮೂರಿನಲ್ಲಿ ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ಸಿನವರಲ್ಲಿ ಆಫ್‌ಸೆಟ್ ಕಪ್ಪು ಮಸಿ ಸ್ವಲ್ಪ ಕೇಳಿ ಪಡೆಯಿರಿ. ಕಾಗದ ತೆಳ್ಳಗಿರಲಿ. ದಪ್ಪ ಡ್ರಾಯಿಂಗ್ ಕಾಗದಕ್ಕೆ ಯಂತ್ರದ ಒತ್ತಡ ಬೇಕು, ಚಮಚದ ಬಲ ಸಾಲದು.

ಇನ್ನೊಂದು ಸಾಧನ ಆಚಾರಿಯಲ್ಲಿ ಮಾಡಿಸಿಕೊಳ್ಳಲೇಬೇಕು. ಒಂದಡಿಯ ಪ್ಲೈವುಡ್ ಹಲಗೆ. ಅದರ ಒಂದು ಅಂಚಿಗೆ ಮೇಲ್ಬದಿಯಲ್ಲಿ ರೀಪಿನ (ಮರದ ಪಟ್ಟಿಯ) ತುಂಡು, ಎದುರಿನ ಅಂಚಿಗೆ ಕೆಳಬದಿಯಲ್ಲಿ ಇನ್ನೊಂದು. ಕೆಳಗಿನ ರೀಪು ಮೇಜಿನ ಅಂಚಿಗೆ ಸಿಕ್ಕಿ ಹಲಗೆ ಸರಿಯದಂತೆ ಹಿಡಿಯುತ್ತದೆ, ಮೇಲಿನದಕ್ಕೆ ಲಿನೋ ಆನಿಕೊಂಡು ನಿಲ್ಲುತ್ತದೆ. ಆಗ ಎಡಗೈಯಲ್ಲಿ ಲಿನೋವನ್ನು ಎದುರಿನಿಂದ ಹಿಡಿಯುವ ಅಗತ್ಯವೇ ಬರುವುದಿಲ್ಲ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಗಾಯದ ಗುರುತು ಇದೆ. ಕಲಿಯಲು ತೊಡಗಿದ ವರ್ಷ, ಜುಲೈ ತಿಂಗಳ ಚಳಿಮಳೆಯಲ್ಲಿ ಲಿನೋ ಗಡುಸಾಗಿತ್ತು. ಬಲ ಹಾಕಿ ದೂಡಿದೆ, ಉಳಿ ಜಾರಿತು. ಈ ಹಲಗೆ ಆ ದಿನ ನನ್ನಲ್ಲಿ ಇರಲಿಲ್ಲ. ಮಕ್ಕಳಿಗೆ ಉಳಿ ಕೊಡುವ ಮೊದಲು ಆ ಗುರುತನ್ನು ತೋರಿಸುತ್ತೇನೆ.

ತಿರುಗಿಸಿ ಇಳಿಸುವುದು

ಅಚ್ಚಿನಲ್ಲಿ ಎಡ ಬಲವಾಗುತ್ತದೆ. ಸುರಂಗದ ಬಾಯಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಅಕ್ಷರ ಇದ್ದರೆ ಮಾತ್ರ ಎಚ್ಚರ. ಕನ್ನಡದಲ್ಲಿ ಸೊನ್ನೆಯಂಥದ್ದನ್ನು ಬಿಟ್ಟರೆ ಹೆಚ್ಚಿನ ಅಕ್ಷರಗಳು ಮಗುಚಿದಾಗ ಸುಮ್ಮನಿರುವುದಿಲ್ಲ. ಟ್ರೇಸಿಂಗ್ ಕಾಗದದಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಚಿತ್ರ ಇಳಿಸಿಕೊಳ್ಳಿ, ಕಾಗದವನ್ನು ಮಗುಚಿ ಲಿನೋದ ಮೇಲಿಟ್ಟು ಬೆನ್ನಿನಿಂದ ತಿಕ್ಕಿ. ಗೆರೆ ತಾನಾಗಿ ತಿರುಗಿ ಕೂರುತ್ತದೆ. ಅದರ ಮೇಲೆ ಮಾರ್ಕರಿನಿಂದ, ಉಳಿಯಬೇಕಾದ ಕಪ್ಪನ್ನೆಲ್ಲ ತುಂಬಿಬಿಡಿ. ಕೆತ್ತುವಾಗ ಏನನ್ನು ಮುಟ್ಟಬಾರದು ಎಂದು ಕಣ್ಣಿಗೆ ಹೊಡೆದ ಹಾಗೆ ಕಾಣಬೇಕು.

ಅಕ್ಷರದ ಮಾತು ಬಂತೆಂದು ಹೇಳುತ್ತೇನೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ. ಚಿತ್ರ ಕಲಾವಿದರು ಇವತ್ತಿಗೂ ಬಳಸುವ ಅದೇ ಶಿಲಾಮುದ್ರಣ. ಎಣ್ಣೆಯೂ ನೀರೂ ಸೇರದು ಎಂಬ ಒಂದೇ ತತ್ತ್ವದ ಮೇಲೆ ನಿಂತದ್ದು. ಆಗ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ. ಹಾಗಾಗಿ ಅಚ್ಚಿನ ಕಲೆ ನಮಗೆ ದೂರದಿಂದ ಬಂದ ನೆಂಟನಲ್ಲ, ಮನೆಯ ಪಡಸಾಲೆಯಲ್ಲೇ ಇದ್ದದ್ದು.

ಕೆತ್ತನೆ

ಬೇಸಗೆಯಾದರೆ ಲಿನೋವನ್ನು ಅಂಗಳದಲ್ಲಿ ಐದು ನಿಮಿಷ ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಬಟ್ಟೆ ಮುಚ್ಚಿ ಇಸ್ತ್ರಿಪೆಟ್ಟಿಗೆಯನ್ನು ಹಗುರವಾಗಿ ಆಡಿಸಿ. ಬೆಚ್ಚಗಿನ ಲಿನೋದಲ್ಲಿ ಉಳಿ ತಾನಾಗಿ ಓಡುತ್ತದೆ.

ಚಿತ್ರಕ್ಕೆ ಕೈ ಹಾಕುವ ಮೊದಲು ಒಂದು ಚೂರಿನಲ್ಲಿ ಗುರುತುಗಳನ್ನು ಅಭ್ಯಾಸ ಮಾಡಿ: ಉದ್ದ ಗೆರೆ, ಅಕ್ಕಿಕಾಳಿನಂಥ ಚಿಕ್ಕ ಗುರುತು, ತೆಳುವಿನಿಂದ ದಪ್ಪಕ್ಕೆ ಹೋಗುವ ಗೆರೆ, ಬಳುಕು. ಬಳುಕುವ ಗೆರೆಗೆ ಉಳಿಯನ್ನು ತಿರುಗಿಸಬಾರದು, ಬಲಗೈ ನೇರ ಇರಲಿ, ಎಡಗೈ ಲಿನೋವನ್ನು ತಿರುಗಿಸಲಿ. ಎಡಗೈ ಯಾವಾಗಲೂ ಉಳಿಯ ಹಿಂದೆ. ಇದನ್ನು ನೂರು ಸಲ ಹೇಳಿದರೂ ಹೆಚ್ಚಾಗುವುದಿಲ್ಲ.

ಬಿಳಿ ಗುರುತಿನ ಸಂಯಮ ಕಲಿಯಬೇಕಾದರೆ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಹೋಗಿ ಎನ್ನುತ್ತೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ನಮ್ಮದು, ತೆಂಕುತಿಟ್ಟಿನ (ತೆಂಕಣ ಶೈಲಿಯ) ಮೇಳಕ್ಕೆ ಇಲ್ಲಿ ಬರವಿಲ್ಲ. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಮುಖಕ್ಕೆ ಬಿಳಿ ಮುಳ್ಳುಗಳ ಸಾಲಾದ ಚಿಟ್ಟಿ ಇಡುವುದನ್ನು ಪಕ್ಕದಲ್ಲಿ ಕುಳಿತು ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿ. ಕಡ್ಡಿಯ ತುದಿಯಲ್ಲಿ ಒಂದೊಂದೇ ಮುಳ್ಳನ್ನು ಎಬ್ಬಿಸಿ ಕೂರಿಸುತ್ತಾರೆ. ಸಾಲು ತಪ್ಪುವುದಿಲ್ಲ, ಅಂತರ ತಪ್ಪುವುದಿಲ್ಲ. ಕನ್ನಡಿ ನೋಡುವ ಹೊತ್ತಿಗಿಂತ ಕೈ ಎತ್ತಿ ಕಾಯುವ ಹೊತ್ತೇ ಹೆಚ್ಚು. ಕಪ್ಪು ಕೆಂಪು ಬಳಿದ ಮುಖದ ಮೇಲೆ ಆ ಬಿಳಿ ಎದ್ದು ಕಾಣುವುದು ಎಲ್ಲ ಕಡೆ ಇಟ್ಟದ್ದಕ್ಕಲ್ಲ, ಬೇಕಾದಲ್ಲಿ ಮಾತ್ರ ಇಟ್ಟದ್ದಕ್ಕೆ. ನನಗೆ ಕೆತ್ತನೆಯ ಹದ ಹತ್ತಿದ್ದು ಚೌಕಿಯಲ್ಲಿ ಕಳೆದ ಅಂಥ ರಾತ್ರಿಗಳಿಂದ.

ಸುರಂಗದ ಚಿತ್ರದಲ್ಲಿ ಬಾಯಿಯ ಬೆಳಕನ್ನು ಕೊನೆಗೆ ಕೆತ್ತಿ. ಮೊದಲು ವಿ ಉಳಿಯಿಂದ ಅಡಿಕೆ ಮರಗಳ ಅಂಚು, ಗೋಡೆಯ ಪಿಕ್ಕಾಸಿನ ಗುರುತು, ನೆಲದ ನೀರಿನ ಹೊಳಪು. ಬಾಯಿಯಿಂದ ದೂರ ಹೋದಂತೆ ಗುರುತುಗಳು ಚಿಕ್ಕದಾಗಿ, ವಿರಳವಾಗಿ, ಕೊನೆಗೆ ಇಲ್ಲವಾಗಬೇಕು. ಆಮೇಲೆ ಯು ಉಳಿಯಿಂದ ಆಕಾಶದ ಬಿಳಿಯನ್ನು ತೆರವು ಮಾಡಿ. ಒಂದು ಮಿಲಿಮೀಟರ್ ಆಳ ಸಾಕು. ಹಿಂಬದಿಯ ಬಟ್ಟೆ ಕಂಡರೆ ಆಳ ಹೆಚ್ಚಾಯಿತೆಂದು ಅರ್ಥ. ತೆರವಾದ ಜಾಗದಲ್ಲಿ ಉಳಿದ ಸಣ್ಣ ಏಣುಗಳು ಮಸಿ ಹಿಡಿದು ಅಚ್ಚಿನಲ್ಲಿ ಮೂಡುತ್ತವೆ. ಅವನ್ನೆಲ್ಲ ಬೋಳಿಸಬೇಡಿ, ಕೈಕೆಲಸದ ಜೀವ ಅದರಲ್ಲಿದೆ.

ಮಸಿ, ಒತ್ತು

ಗಾಜಿನ ಮೇಲೆ ಚಮಚದ ತುದಿಯಷ್ಟು ಮಸಿ. ರೋಲರನ್ನು ಮೇಲೆ ಕೆಳಗೆ, ಆಮೇಲೆ ಅಡ್ಡಕ್ಕೆ ಓಡಿಸಿ. ಹದ ಗೊತ್ತಾಗುವುದು ಕಿವಿಗೆ: ನೀರುದೋಸೆಯ ಹಿಟ್ಟು ಕಾವಲಿಗೆ ಬಿದ್ದಾಗಿನ ಚುರ್ ಶಬ್ದ ಕೇಳಿದ್ದೀರಲ್ಲ, ಅದರ ತೀರಾ ಮೆಲ್ಲಗಿನ ರೂಪ. ಶಬ್ದ ಜಿಗುಟಾಗಿದ್ದು ಮಸಿಯ ಮೈ ಕಿತ್ತಳೆ ಸಿಪ್ಪೆಯ ಹಾಗಿದ್ದರೆ ಹೆಚ್ಚಾಗಿದೆ, ಸ್ವಲ್ಪ ತೆಗೆಯಿರಿ. ಲಿನೋಗೆ ತೆಳುವಾಗಿ ನಾಲ್ಕೈದು ಸಲ ಹಚ್ಚಿ; ಒಂದೇ ಸಲ ದಪ್ಪ ಹಚ್ಚಿದರೆ ನಯವಾದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಮೇಜಿನ ಮೇಲೆ ಮೊದಲೇ ಒಂದು ಕಾಗದ ಅಂಟಿಸಿ ಲಿನೋದ ಜಾಗ, ಅಚ್ಚಿನ ಕಾಗದದ ಜಾಗ ಎರಡನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಿರಿ, ಅಂಚು ಸಮನಾಗಿ ಬರುತ್ತದೆ. ಕಾಗದವನ್ನು ಎರಡು ಮೂಲೆ ಹಿಡಿದು ಮೆಲ್ಲನೆ ಬಿಡಿ, ಬಿದ್ದ ಮೇಲೆ ಸರಿಸಬೇಡಿ. ನಡುವಿನಿಂದ ಹೊರಕ್ಕೆ ಚಮಚದ ಬೆನ್ನಿನಿಂದ ಸಣ್ಣ ಸುತ್ತುಗಳಲ್ಲಿ ತಿಕ್ಕಿ. ಈ ಅಳತೆಗೆ ಹತ್ತು ನಿಮಿಷ ಬೇಕು, ಅವಸರ ಮಾಡಬೇಡಿ. ಒಂದು ಮೂಲೆ ಎತ್ತಿ ನೋಡಿ, ಪೇಲವ ಇದ್ದಲ್ಲಿ ಮತ್ತೆ ತಿಕ್ಕಿ. ಮೊದಲ ಅಚ್ಚು ಮಂಕಾಗಿಯೇ ಬರುತ್ತದೆ, ಹೊಸ ಲಿನೋ ಮಸಿ ಕುಡಿಯುತ್ತದೆ. ಮೂರನೆಯದರಿಂದ ಲೆಕ್ಕ ಹಿಡಿಯಿರಿ.

ಹತ್ತು ಪ್ರತಿ ತೆಗೆದರೆ ಚಿತ್ರದ ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ 1/10, 2/10 ಎಂದು ಬರೆಯಿರಿ, ನಡುವೆ ಹೆಸರು, ಬಲಕ್ಕೆ ಸಹಿ. ಒಮ್ಮೆ 10 ಎಂದು ಬರೆದ ಮೇಲೆ ಹನ್ನೊಂದನೆಯದನ್ನು ತೆಗೆದು ಮಾರುವುದು ಮೋಸ.

ತೊಳೆಯಲು ಸೀಮೆಎಣ್ಣೆ, ಥಿನ್ನರ್ ಬೇಡ, ಅದರಲ್ಲೂ ಮಕ್ಕಳಿರುವಲ್ಲಿ. ನಮ್ಮಲ್ಲಿ ತೆಂಗಿನೆಣ್ಣೆಗೆ ಕೊರತೆಯಿಲ್ಲ. ಹಳತಾಗಿ ಕನರಿದ ಎಣ್ಣೆಯಾದರೂ ಸರಿ, ಬಟ್ಟೆಯಲ್ಲಿ ಹಚ್ಚಿ ಒರಸಿದರೆ ಮಸಿ ಕರಗಿ ಬರುತ್ತದೆ, ಆಮೇಲೆ ಪಾತ್ರೆ ತೊಳೆಯುವ ಸೋಪು. ಆದರೆ ಆ ಎಣ್ಣೆಯ ಒಂದು ತೊಟ್ಟೂ ಮಸಿಯೊಳಗೆ ಬೀಳಬಾರದು. ಮಸಿಯಲ್ಲಿರುವ ಅಗಸೆಯಂಥ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ, ತೆಂಗಿನೆಣ್ಣೆ ಆಗುವುದಿಲ್ಲ. ಬೆರೆತರೆ ಅಚ್ಚು ಒಣಗುವುದೇ ಇಲ್ಲ.

ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಬೇಸಗೆಯಲ್ಲಿ ಎರಡು ಮೂರು ದಿನದಲ್ಲಿ ಒಣಗುವ ಮಸಿ ಆಟಿ ತಿಂಗಳ ಮಳೆಯಲ್ಲಿ ವಾರ ಹಿಡಿಯುತ್ತದೆ. ಒಣಗುವ ಮುಂಚೆ ಒಂದರ ಮೇಲೊಂದು ಇಡಬೇಡಿ. ಕಾಗದಕ್ಕೆ ಬೂಷ್ಟು ಬಾರದಂತೆ, ಮುಚ್ಚಳ ಗಟ್ಟಿಯಿರುವ ಪೆಟ್ಟಿಗೆಯಲ್ಲಿಟ್ಟು, ಬಿಸಿಲು ಬಂದ ದಿನ ಬಿಡಿಸಿ ಗಾಳಿಗೆ ಹರವಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡಬೇಡಿ, ಹೊಗೆಗೆ ಹಳದಿಯಾಗುತ್ತದೆ.

ಕಲಿಸುವವರಿಗೆ

ಐದನೆಯ ತರಗತಿಯ ಒಳಗಿನ ಮಕ್ಕಳ ಕೈಗೆ ಉಳಿ ಕೊಡಬೇಡಿ. ಅವರಿಗೆ ಅಡಿಕೆ ಹಾಳೆ ಇದೆ. ಹಾಳೆ ಎಂದರೆ ನಮಗೆ ಕಾಗದವೂ ಹೌದು, ಅಡಿಕೆ ಮರದಿಂದ ಬಿದ್ದದ್ದೂ ಹೌದು. ಮಕ್ಕಳಿಗೆ ಈ ಮಾತೇ ಖುಷಿ. ಒಣಗಿದ ಹಾಳೆಯನ್ನು ಕತ್ತರಿಯಿಂದ ಮೀನು, ಮುಟ್ಟಾಳೆ (ಹಾಳೆಯ ಟೊಪ್ಪಿ), ದೋಣಿ ಎಂದು ಬೇಕಾದ ಆಕಾರಕ್ಕೆ ಕತ್ತರಿಸಿ ರಟ್ಟಿನ ಮೇಲೆ ಅಂಟಿಸಲಿ. ಪೋಸ್ಟರ್ ಬಣ್ಣವನ್ನು ಬಟ್ಟೆಯ ಉಂಡೆಯಿಂದ ತಟ್ಟಿ ಹಚ್ಚಿ, ಮೇಲೆ ಕಾಗದ ಇಟ್ಟು ಅಂಗೈಯಿಂದ ಒತ್ತಿದರೆ ಹಾಳೆಯ ಮೈಮೇಲಿನ ಎಳೆ ಎಳೆ ನಾರೂ ಮೂಡುತ್ತದೆ. ಥರ್ಮೋಕೋಲ್ ತಟ್ಟೆಯ ಮೇಲೆ ಮಸಿ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೀರಿದರೂ ಸರಿ, ತಗ್ಗಾದ ಗೆರೆ ಬಿಳಿಯಾಗಿ ಉಳಿಯುತ್ತದೆ. ಲಿನೋದ ಪಾಠವೇ, ಅಪಾಯವಿಲ್ಲದೆ.

ದೊಡ್ಡ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ. ಒಬ್ಬರದು ಮಸಿ ಕೈ, ಇನ್ನೊಬ್ಬರದು ಶುಚಿ ಕೈ. ಮಸಿ ಕೈಯವರು ಕಾಗದ ಮುಟ್ಟಬಾರದು, ಶುಚಿ ಕೈಯವರು ರೋಲರ್ ಮುಟ್ಟಬಾರದು. ಪ್ರತಿ ಅಚ್ಚಿಗೆ ಅದಲುಬದಲು. ಇಷ್ಟು ಮಾಡಿದರೆ ತರಗತಿಯ ಅರ್ಧ ಗಲಾಟೆ ತಾನಾಗಿ ನಿಲ್ಲುತ್ತದೆ. ಹತ್ತು ಮಕ್ಕಳಿಗಿಂತ ಹೆಚ್ಚು ಇದ್ದರೆ ಒಬ್ಬರೇ ಉಳಿ ಕೊಡುವ ಸಾಹಸ ಮಾಡಬೇಡಿ.

ಮಗುವಿನ ಕಾಗದದ ಮೇಲೆ, ಲಿನೋದ ಮೇಲೆ ನಿಮ್ಮ ಕೈ ಹೋಗಬಾರದು. ಸ್ಪರ್ಧೆಗೆ ತಯಾರು ಮಾಡುವ ಭರದಲ್ಲಿ ಎರಡು ಗುಡ್ಡದ ನಡುವೆ ಸೂರ್ಯ, ಕೆಳಗೆ ಹೊಳೆ ಎಂದು ಒಂದೇ ಚಿತ್ರವನ್ನು ತಿದ್ದಿ ತಿದ್ದಿ ಕಲಿಸುವ ಪದ್ಧತಿ ನಮ್ಮಲ್ಲಿದೆ. ಆ ಮಕ್ಕಳು ತಮ್ಮ ಮನೆ ಹಿಂದಿನ ಗುಡ್ಡವನ್ನೇ ನೋಡುವುದನ್ನು ಬಿಟ್ಟುಬಿಡುತ್ತಾರೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ತಿದ್ದುವ ಬದಲು ಕೇಳಿ.

ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಉಳಿ ಜಾರಿ, ಸುರಂಗದ ಕಪ್ಪು ಗೋಡೆಯ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಬಿಳಿ ಗೀರು ಬಿತ್ತು. ಕಣ್ಣಲ್ಲಿ ನೀರು. “ಮಾಷ್ಟ್ರೇ, ಹೋಯ್ತು. ಇನ್ನೆಂತ ಮಾಡುದು?”

“ನಿಮ್ಮ ಮನೆ ಸುರಂಗದಲ್ಲಿ ಆ ಜಾಗದಲ್ಲಿ ಏನುಂಟು?” ಎಂದು ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿದಳು. “ಮೇಲಿನ ಗೇರು ಮರದ ಬೇರು ಇಳಿದುಕೊಂಡುಂಟು.” ಹೇಳಿದ್ದೇ ತಡ, ಉಳಿ ತೆಗೆದುಕೊಂಡು ಆ ಗೀರಿನ ಪಕ್ಕ ಇನ್ನೆರಡು ಎಳೆದಳು, ಒಂದು ಕವಲೊಡೆದದ್ದು, ಒಂದು ನೀರಿನ ತನಕ ಇಳಿದದ್ದು. ಆ ದಿನದ ಅಚ್ಚುಗಳಲ್ಲೆಲ್ಲ ಗೋಡೆಯೊಳಗೆ ಬೇರಿದ್ದದ್ದು ಅವಳದ್ದರಲ್ಲಿ ಮಾತ್ರ. ನಾನು ಮುಂಚೆಯೇ ಬಿಡಿಸಿ ತೋರಿಸಿದ್ದರೆ ಅದು ಬರುತ್ತಿರಲಿಲ್ಲ.

ಬಣ್ಣ ಬೇಕೆಂದು ಮಕ್ಕಳು ಹಟ ಮಾಡುತ್ತಾರೆ. ಒಂದು ವರ್ಷ ಕಪ್ಪಿನಲ್ಲೇ ಕಳೆಯಲಿ. ಬಣ್ಣದ ಅಚ್ಚು ಎಲ್ಲಿಯ ತನಕ ಹೋಗಬಲ್ಲದು ಎಂದು ಕೇಳುವವರಿಗೆ ಕೃಷ್ಣಾ ರೆಡ್ಡಿಯವರ ವಿಷಯ ಹೇಳುತ್ತೇನೆ. ನಮ್ಮ ಹಾಗೆಯೇ ಕರ್ನಾಟಕದ ಗಡಿಗೆ ತಾಗಿದ, ಆಂಧ್ರದ ಚಿತ್ತೂರು ಜಿಲ್ಲೆಯ ಹಳ್ಳಿಯಲ್ಲಿ 1925ರಲ್ಲಿ ಹುಟ್ಟಿದವರು, ಶಾಂತಿನಿಕೇತನದಲ್ಲಿ ಕಲಿತವರು. ಪ್ಯಾರಿಸ್ಸಿನ ಆಟೆಲಿಯೆ 17 ಎಂಬ ಅಚ್ಚುಮನೆಯಲ್ಲಿ, ಮಸಿಗೆ ಬೆರೆಸುವ ಎಣ್ಣೆಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿ, ಮೆತ್ತನೆಯ ಮತ್ತು ಗಡುಸು ರೋಲರುಗಳನ್ನು ಬಳಸಿ, ಒಂದೇ ಲೋಹದ ಫಲಕದಿಂದ ಒಂದೇ ಒತ್ತಿಗೆ ಹಲವು ಬಣ್ಣ ತೆಗೆಯುವ ವಿಧಾನವನ್ನು ಬೆಳೆಸಿದರು. ಎಣ್ಣೆ ಹೆಚ್ಚಿರುವ ಮಸಿಯ ಮೇಲೆ ಜಿಗುಟು ಮಸಿ ಹತ್ತುವುದಿಲ್ಲ, ಅಷ್ಟೇ ಗುಟ್ಟು. 2018ರಲ್ಲಿ ತೀರಿಕೊಂಡರು. ಬದುಕಿಡೀ ಅಚ್ಚು ಮಾಡಿದ ಹಾಗೆಯೇ ಕಲಿಸಿದರು ಕೂಡ.

ತರಗತಿ ಮುಗಿದ ಮೇಲೆ ಅಚ್ಚುಗಳನ್ನು ಕೋಣೆಗೆ ಅಡ್ಡಲಾಗಿ ಹಗ್ಗ ಕಟ್ಟಿ ಬಟ್ಟೆಯ ಕ್ಲಿಪ್ಪಿನಿಂದ ನೇತುಹಾಕಿ, ಮಕ್ಕಳ ಕಣ್ಣಿನ ಎತ್ತರಕ್ಕೆ. ಲಿನೋ ತುಂಡುಗಳನ್ನು ಎಸೆಯಬೇಡಿ. ಶುಚಿ ಮಾಡಿ, ಒರಸಿ, ಸ್ವಲ್ಪ ಪೌಡರ್ ಉದುರಿಸಿ, ನಡುವೆ ಕಾಗದ ಇಟ್ಟು ಚಪ್ಪಟೆಯಾಗಿ ಪೇರಿಸಿ. ಹಿಂಬದಿಯ ಬಟ್ಟೆಯ ಮೇಲೆ ಮಗುವಿನ ಹೆಸರು, ವರ್ಷ ಬರೆದಿಡಿ. ಮುಂದಿನ ಜೂನಿನಲ್ಲಿ ಹೊಸ ಮಕ್ಕಳು ಬಂದಾಗ ಮೊದಲ ದಿನ ಮಸಿ ಹಚ್ಚಿ ಒತ್ತಲು ಅವನ್ನೇ ಕೊಡಿ.